ಮರ ಕಡಿತದ ನಂತರ ಕಾಡಿನ ಮರಸಂಕುಲ

ಮರ ಕಡಿತದ ನಂತರದ ಮರಸಂಕುಲ ಚಲನೆ ಎಂಬುದು, ನಾಟಾಕ್ಕಾಗಿ ಮರಗಳನ್ನು ಕಡಿದ ಉಷ್ಣವಲಯದ ಕಾಡಿನಲ್ಲಿ ಉಳಿದ ಮರಗಳ ಸಂಖ್ಯೆ, ಗಾತ್ರ ಹಾಗೂ ಜಾತಿಗಳ ಪ್ರಮಾಣ ವರ್ಷಗಳು ಉರುಳಿದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಕುರಿತ ಅಧ್ಯಯನ. ಇದು ಅರಣ್ಯಶಾಸ್ತ್ರ ಮತ್ತು ಪರಿಸರ ವಿಜ್ಞಾನಗಳೆರಡಕ್ಕೂ ಸೇರಿದ ವಿಷಯ. ಒಂದು ಕಾಡಿನಿಂದ ಎಷ್ಟು ಮರ ತೆಗೆಯಬಹುದು, ಎಷ್ಟು ವರ್ಷಗಳಿಗೊಮ್ಮೆ ತೆಗೆಯಬಹುದು, ತೆಗೆದ ಮೇಲೆ ಅದೇ ಜಾತಿಯ ಮರಗಳು ಮತ್ತೆ ಬರುತ್ತವೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಇದರಿಂದಲೇ ದೊರೆಯಬೇಕು. ಕರ್ನಾಟಕದಲ್ಲಿ ಮೈಸೂರು ಸುತ್ತಲಿನ ಎಲೆ ಉದುರಿಸುವ ಕಾಡುಗಳಲ್ಲಿಯೂ ಕೊಡಗು, ಮಲೆನಾಡು ಮತ್ತು ಉತ್ತರ ಕನ್ನಡದ ನಿತ್ಯಹರಿದ್ವರ್ಣ ಕಾಡುಗಳಲ್ಲಿಯೂ ಒಂದು ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರದ ಮೇಲ್ವಿಚಾರಣೆಯಲ್ಲಿ ಕಡಿತ ನಡೆದಿದೆ. ಇಂದು ಈ ಕಾಡುಗಳಲ್ಲಿ ಕಾಣುವ ಮರಗಳ ಜೋಡಣೆಯನ್ನು ಆ ಕಡಿತದ ಇತಿಹಾಸವಿಲ್ಲದೆ ಅರ್ಥಮಾಡಿಕೊಳ್ಳಲಾಗದು.

ಮೂರು ಲೆಕ್ಕಗಳು

ಯಾವುದೇ ಮರಸಂಕುಲದ ಭವಿಷ್ಯವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಹೊಸ ಮರಗಳ ಸೇರ್ಪಡೆ, ಇರುವ ಮರಗಳ ಬೆಳವಣಿಗೆ ಮತ್ತು ಸಾವು. ಸೇರ್ಪಡೆ ಎಂದರೆ ಬೀಜ ಮೊಳೆಯುವುದು ಮಾತ್ರವಲ್ಲ. ಸಸಿಯು ಬದುಕಿ, ಲೆಕ್ಕಕ್ಕೆ ತೆಗೆದುಕೊಳ್ಳುವ ಕನಿಷ್ಠ ಗಾತ್ರವನ್ನು ತಲುಪುವುದು. ಭಾರತದ ಅನೇಕ ಅಧ್ಯಯನಗಳಲ್ಲಿ ಈ ಕನಿಷ್ಠ ಗಾತ್ರವು ಎದೆಮಟ್ಟದಲ್ಲಿ 30 ಸೆಂ.ಮೀ. ಸುತ್ತಳತೆ. ಸಾವಿನ ಪ್ರಮಾಣ ಉಷ್ಣವಲಯದ ಕಡಿಯದ ಕಾಡುಗಳಲ್ಲಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 1ರಿಂದ 2.

ಈ ಸಣ್ಣ ಅಂಕಿಗಳ ಪರಿಣಾಮ ಸಣ್ಣದಲ್ಲ. ಒಂದು ಮರದ ಸುತ್ತಳತೆ ವರ್ಷಕ್ಕೆ 1 ಸೆಂ.ಮೀ.ನಂತೆ ಹೆಚ್ಚುತ್ತದೆ ಎಂದು ಭಾವಿಸಿದರೆ, 30 ಸೆಂ.ಮೀ.ನಿಂದ 180 ಸೆಂ.ಮೀ. ಆಗಲು 150 ವರ್ಷ ಬೇಕು. ವರ್ಷಕ್ಕೆ ಶೇ. 1ರಷ್ಟು ಸಾವು ಇದ್ದಲ್ಲಿ, ಇಂದು 30 ಸೆಂ.ಮೀ. ಇರುವ ನೂರು ಮರಗಳಲ್ಲಿ ಸುಮಾರು 22 ಆ ಗಾತ್ರವನ್ನು ಮುಟ್ಟುತ್ತವೆ; ಸಾವು ಶೇ. 2 ಆದರೆ ಮುಟ್ಟುವುದು 5 ಮಾತ್ರ. ಬೆಂಕಿ, ಗಾಯ, ಬಳ್ಳಿಗಳ ಭಾರ ಮುಂತಾದ ಕಾರಣಗಳಿಂದ ಸಾವಿನ ಪ್ರಮಾಣ ಒಂದೇ ಒಂದು ಅಂಶ ಏರಿದರೂ ಮುಂದಿನ ತಲೆಮಾರಿಗೆ ದೊರೆಯುವ ದೊಡ್ಡ ಮರಗಳು ಕಾಲುಭಾಗಕ್ಕೆ ಇಳಿಯುತ್ತವೆ ಎಂಬುದನ್ನು ಈ ಸರಳ ಗಣಿತವೇ ತೋರಿಸುತ್ತದೆ.

ಇನ್ನೊಂದು ತೊಡಕು ಕಾಲದ ಅಂತರದ್ದು. ಈ ವರ್ಷ 30 ಸೆಂ.ಮೀ. ಮುಟ್ಟಿದ ಮರ ಮೊಳೆತದ್ದು ಕೆಲವು ದಶಕಗಳ ಹಿಂದೆ. ಇಂದು ಕಾಡಿನಲ್ಲಿ ಸಸಿಗಳು ಬರುವುದು ಪೂರ್ಣವಾಗಿ ನಿಂತುಹೋದರೂ ಮರಗಣತಿಯ ಪಟ್ಟಿಯಲ್ಲಿ ಅದು ಬಹುಕಾಲ ಕಾಣಿಸದು. ಹೊರನೋಟಕ್ಕೆ ಹಸಿರಾಗಿ, ಎತ್ತರವಾಗಿ ನಿಂತ ಕಾಡು ಒಳಗೆ ಮುಪ್ಪಾಗುತ್ತಿರಬಹುದು.

ಒಂದು ಕಾಡಿನ ಮರಗಳನ್ನು ಗಾತ್ರದ ಗುಂಪುಗಳಾಗಿ ವಿಂಗಡಿಸಿದಾಗ ಸಾಮಾನ್ಯವಾಗಿ ಸಣ್ಣ ಮರಗಳು ಬಹಳ, ದೊಡ್ಡವು ಕೆಲವೇ ಎಂಬ ಇಳಿಜಾರಿನ ರೇಖೆ ದೊರೆಯುತ್ತದೆ. ಇದನ್ನು ಮೊದಲು ಗಣಿತರೂಪದಲ್ಲಿ ವಿವರಿಸಿದವನು ಫ್ರಾನ್ಸಿನ ಅರಣ್ಯಾಧಿಕಾರಿ ಡಿ ಲಿಯೊಕೂರ್, 1898ರಲ್ಲಿ. ಇಡೀ ಕಾಡಿಗೆ ಈ ರೇಖೆ ಸರಿಯಿದ್ದರೂ ಪ್ರತಿಯೊಂದು ಜಾತಿಗೂ ಸರಿಯಿರಬೇಕೆಂದಿಲ್ಲ. ಬೆಲೆಬಾಳುವ ಒಂದು ಜಾತಿಯಲ್ಲಿ ನಡುಗಾತ್ರದ ಮರಗಳೇ ಇಲ್ಲದಿರಬಹುದು, ಆ ಕೊರತೆಯನ್ನು ಬೇರೆ ಜಾತಿಗಳ ಸಮೃದ್ಧಿ ಮುಚ್ಚಿಡಬಹುದು. ಹಳೆಯ ಕಾರ್ಯಯೋಜನೆಗಳು ಎಡವಿದ್ದು ಹೆಚ್ಚಾಗಿ ಇಲ್ಲಿಯೇ.

ಆಯ್ದ ಕಡಿತದ ತರ್ಕ

1856ರಲ್ಲಿ ಬರ್ಮಾದ ಪೆಗು ಪ್ರಾಂತ್ಯದ ತೇಗದ ಕಾಡುಗಳ ಹೊಣೆ ಹೊತ್ತ ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಚ್ ಬ್ರಾಂಡಿಸ್, ಕಾಡಿನ ದಾರಿಗಳುದ್ದಕ್ಕೂ ಸಾಗುತ್ತ ಮರಗಳನ್ನು ಸುತ್ತಳತೆಯ ದರ್ಜೆಗಳಾಗಿ ಎಣಿಸಿದನು. ಆರು ಅಡಿಗೂ ಹೆಚ್ಚು ಸುತ್ತಳತೆಯವು ಮೊದಲ ದರ್ಜೆ. ಎರಡನೆಯ ದರ್ಜೆಯಿಂದ ವರ್ಷಕ್ಕೆ ಎಷ್ಟು ಮರಗಳು ಮೊದಲ ದರ್ಜೆಗೆ ಏರುತ್ತವೆಯೋ ಅದಕ್ಕಿಂತ ಹೆಚ್ಚು ಕಡಿಯಬಾರದೆಂಬುದು ಅವನ ನಿಯಮ. ಮುಂದೆ ಅವನೇ 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದನು. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಆರಂಭವಾದುದೂ ಅದೇ 1864ರಲ್ಲಿ, ಕಮಿಷನರುಗಳ ಆಡಳಿತ ಕಾಲದಲ್ಲಿ.

ಬ್ರಾಂಡಿಸನ ನಿಯಮ ತತ್ತ್ವತಃ ಇಂದಿಗೂ ದೋಷರಹಿತ. ಆದರೆ ಅದು ಸರಿಯಾಗಿ ನಡೆಯಲು ಬೆಳವಣಿಗೆಯ ವೇಗ ಗೊತ್ತಿರಬೇಕು. ತೇಗದಲ್ಲಿ ವರ್ಷವರ್ಷದ ಉಂಗುರಗಳು ಸ್ಪಷ್ಟವಾಗಿರುವುದರಿಂದ ಕಡಿದ ಬುಡವನ್ನು ನೋಡಿಯೇ ವಯಸ್ಸನ್ನು ಹೇಳಬಹುದು. ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಬಹುತೇಕ ಮರಗಳಲ್ಲಿ ಅಂತಹ ಉಂಗುರಗಳಿಲ್ಲ. ಅಲ್ಲಿ ವೇಗವನ್ನು ತಿಳಿಯಲು ಇರುವ ದಾರಿ ಒಂದೇ: ಮರಕ್ಕೆ ಸಂಖ್ಯೆ ಹಾಕಿ, ಅದೇ ಜಾಗದಲ್ಲಿ ಮತ್ತೆ ಮತ್ತೆ ಅಳೆಯುವುದು. ಅಂತಹ ಅಳತೆಗಳು ಕರ್ನಾಟಕದಲ್ಲಿ ವ್ಯವಸ್ಥಿತವಾಗಿ ಆರಂಭವಾಗುವ ವೇಳೆಗೆ ದೊಡ್ಡ ಮರಗಳ ಕಡಿತ ಬಹುಮಟ್ಟಿಗೆ ಮುಗಿದಿತ್ತು.

ಮರ ಬೀಳುವಾಗ ತಾನೊಂದೇ ಬೀಳುವುದಿಲ್ಲ. ನಲವತ್ತು ಮೀಟರು ಎತ್ತರದ ಮರ ಉರುಳಿದಾಗ ಸುತ್ತಲಿನ ನಡುವಯಸ್ಸಿನ ಮರಗಳು ಮುರಿಯುತ್ತವೆ. ಮರದಿಂದ ಮರಕ್ಕೆ ಹಬ್ಬಿದ ಬಳ್ಳಿಗಳು ನೆರೆಯ ಮರಗಳ ಕೊಂಬೆಗಳನ್ನೂ ಎಳೆದು ಕೆಡಹುತ್ತವೆ. ದಿಮ್ಮಿಗಳನ್ನು ಎಳೆಯುವ ದಾರಿ, ಲಾರಿಯ ರಸ್ತೆ, ಅದರ ಬದಿಯ ಮಣ್ಣುಕೊರೆತ ಇವೆಲ್ಲ ಮುಂದಿನ ದರ್ಜೆಯ ಮರಗಳನ್ನೇ, ಅಂದರೆ ಮುಂದಿನ ಸುತ್ತಿನ ಕಡಿತಕ್ಕೆ ಒದಗಬೇಕಾದವನ್ನೇ, ತೆಗೆದುಬಿಡುತ್ತವೆ. ಕಾಗದದ ಮೇಲೆ ಹೆಕ್ಟೇರಿಗೆ ಕೆಲವೇ ಮರಗಳ ಕಡಿತ ಎಂದಿದ್ದರೂ ಕಾಡಿಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಕಡಿಯುವ ಮೊದಲು ಬಳ್ಳಿಗಳನ್ನು ಕತ್ತರಿಸುವುದು, ಬೀಳುವ ದಿಕ್ಕನ್ನು ನಿಗದಿಪಡಿಸುವುದು, ಎಳೆಯುವ ದಾರಿಗಳನ್ನು ಮೊದಲೇ ಗುರುತಿಸುವುದು ಈ ನಷ್ಟವನ್ನು ತಗ್ಗಿಸುವ ಕ್ರಮಗಳು.

ಛಾವಣಿ ತೆರೆದಾಗ ಬೆಳಕು ನೆಲ ಮುಟ್ಟುತ್ತದೆ. ಮೊದಲ ಕೆಲವು ವರ್ಷ ಉಳಿದ ಮರಗಳ ಬೆಳವಣಿಗೆ ಚುರುಕಾಗುತ್ತದೆ. ಗಾಯಗೊಂಡವು ಸಾಯುವುದರಿಂದ ಸಾವೂ ಹೆಚ್ಚುತ್ತದೆ. ಬೆಳಕನ್ನು ಬಯಸುವ ಉಪ್ಪಳಿಗೆಯಂತಹ ಮರಗಳು ಗುಂಪಾಗಿ ಮೇಲೇಳುತ್ತವೆ. ಇವು ಬೇಗ ಬೆಳೆದು ಬೇಗ ಸಾಯುವಂಥವು. ಇವುಗಳ ನೆರಳಿನಲ್ಲಿ ಹಳೆಯ ಕಾಡಿನ ಜಾತಿಗಳ ಸಸಿಗಳು ಮರಳಿ ಬಂದರೆ ಕಾಡು ತನ್ನ ಸ್ವರೂಪಕ್ಕೆ ಹಿಂದಿರುಗುವ ಹಾದಿ ಹಿಡಿದಂತೆ. ಬರಬೇಕಾದರೆ ಬೀಜ ಕೊಡುವ ತಾಯಿಮರ ಸಮೀಪದಲ್ಲಿ ಉಳಿದಿರಬೇಕು. ಧೂಪದ ಮರದ ಬೀಜ ದಪ್ಪನೆಯದು, ಭಾರವಾದುದು. ಮಳೆಗಾಲದ ಮೊದಲಲ್ಲಿ ಉದುರಿ ಕೂಡಲೇ ಮೊಳೆಯುತ್ತದೆ, ತಾಯಿಮರದಿಂದ ದೂರ ಹೋಗುವುದಿಲ್ಲ, ಒಣಗಿಸಿ ಕೂಡಿಡಲೂ ಬಾರದು. ಅಂತಹ ಜಾತಿಯ ದೊಡ್ಡ ಮರಗಳನ್ನೆಲ್ಲ ತೆಗೆದ ಜಾಗಕ್ಕೆ ಅದು ತಾನಾಗಿ ಹಿಂದಿರುಗುವುದು ಬಲು ನಿಧಾನ. ಮತ್ತಿ, ನಂದಿ, ತೇಗ ಮುಂತಾದ ಎಲೆ ಉದುರಿಸುವ ಮರಗಳಾದರೋ ಬುಡದಿಂದಲೇ ಚಿಗುರಿಕೊಳ್ಳಬಲ್ಲವು. ಕಡಿತವನ್ನು ತಾಳುವ ಶಕ್ತಿಯಲ್ಲಿ ಎರಡು ಬಗೆಯ ಕಾಡುಗಳಿಗೂ ಇರುವ ಅಂತರಕ್ಕೆ ಇದೊಂದು ಮುಖ್ಯ ಕಾರಣ.

ಉಪ್ಪಂಗಳದ ಶಾಶ್ವತ ಮಾದರಿ ಕ್ಷೇತ್ರ

ಕೊಡಗಿನ ಪುಷ್ಪಗಿರಿ ಬೆಟ್ಟಸಾಲಿನ ತಪ್ಪಲಿನಲ್ಲಿ, ಕಡಮಕಲ್ಲು ಮೀಸಲು ಅರಣ್ಯದೊಳಗೆ, ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ಕರ್ನಾಟಕ ಅರಣ್ಯ ಇಲಾಖೆಯ ಸಹಕಾರದೊಡನೆ 1989-90ರಲ್ಲಿ ಉಪ್ಪಂಗಳ ಮಾದರಿ ಕ್ಷೇತ್ರವನ್ನು ಸ್ಥಾಪಿಸಿತು. ಇಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಕಡಿತಕ್ಕೆ ಒಳಗಾಗದೆ ಉಳಿದ ಕಾಡಿನ ತುಣುಕಿನಲ್ಲಿ 20 ಮೀಟರು ಅಗಲದ ಪಟ್ಟಿಗಳನ್ನೂ ಕೆಲವು ಆಯತಾಕಾರದ ತುಂಡುಗಳನ್ನೂ ಗುರುತಿಸಿ, 30 ಸೆಂ.ಮೀ.ಗೂ ಹೆಚ್ಚು ಸುತ್ತಳತೆಯ ಪ್ರತಿಯೊಂದು ಮರದ ಸ್ಥಾನವನ್ನು ನಕ್ಷೆಯಲ್ಲಿ ದಾಖಲಿಸಿ ಅಳೆಯುತ್ತ ಬರಲಾಗಿದೆ.

ಜಾನ್ ಪಿಯರ್ ಪಾಸ್ಕಲ್ ಮತ್ತು ರಾಫೆಲ್ ಪೆಲಿಸಿಯೆ 1996ರಲ್ಲಿ ಪ್ರಕಟಿಸಿದ ವಿವರದ ಪ್ರಕಾರ 3.12 ಹೆಕ್ಟೇರಿನಲ್ಲಿ 91 ಜಾತಿಯ ಮರಗಳಿದ್ದು, ಹೆಕ್ಟೇರಿಗೆ ಸರಾಸರಿ 635 ಮರಗಳು ಕಂಡುಬಂದವು. ಕಾಂಡಗಳ ಅಡ್ಡಕೊಯ್ತದ ಒಟ್ಟು ವಿಸ್ತೀರ್ಣ ಹೆಕ್ಟೇರಿಗೆ 39.7 ಚದರ ಮೀಟರು. 91 ಜಾತಿಗಳಿದ್ದರೂ ನಾಲ್ಕು ಜಾತಿಗಳದ್ದೇ ಪ್ರಾಬಲ್ಯ, ಅದೂ ಒಂದೊಂದು ಅಂತಸ್ತಿನಲ್ಲಿ ಒಂದೊಂದರದು: ಕೆಳಗೆ ಹಂಬೋಲ್ಟಿಯಾ ಬ್ರುನೋನಿಸ್ ಎಂಬ ಕುಳ್ಳು ಮರ, ನಡುವೆ ಕಾಡುಜಾಯಿ, ಮೇಲ್ಛಾವಣಿಯಲ್ಲಿ ಧೂಪ, ಅದನ್ನೂ ಮೀರಿ ತಲೆಯೆತ್ತಿದ ಡಿಪ್ಟೆರೋಕಾರ್ಪಸ್ ಇಂಡಿಕಸ್. ಈ ನಾಲ್ಕರಲ್ಲಿ ನಾಟಾ ವ್ಯಾಪಾರಿಗೆ ಬೇಕಾದವು ಮೇಲಿನ ಎರಡು. ಆಯ್ದ ಕಡಿತವೆಂದರೆ ಇಲ್ಲಿ ಕಾಡಿನ ಎರಡು ಮೇಲಂತಸ್ತುಗಳನ್ನೇ ಆಯ್ದು ತೆಗೆಯುವುದೆಂದಾಗುತ್ತದೆ.

ನೆರೆಯ ಭಾಗಗಳಲ್ಲಿ ಹಿಂದೆ ಆಯ್ದ ಕಡಿತ ನಡೆದಿದ್ದುದರಿಂದ ಒಂದೇ ಮಳೆ, ಒಂದೇ ಮಣ್ಣಿನಲ್ಲಿ ಕಡಿದ ಕಾಡನ್ನೂ ಕಡಿಯದ ಕಾಡನ್ನೂ ಹೋಲಿಸುವ ಅವಕಾಶ ಇಲ್ಲಿ ಒದಗಿತು. ಅಂತಹ ಹೋಲಿಕೆಯ ಅಧ್ಯಯನ 1998ರಲ್ಲಿ ಪ್ರಕಟವಾಗಿದೆ. ಕಡಿಯದ ಕಾಡಿನ ಅಳತೆಯೇ ಇಲ್ಲದಿದ್ದಲ್ಲಿ ಕಡಿದ ಕಾಡು ಎಷ್ಟು ಚೇತರಿಸಿಕೊಂಡಿದೆ ಎಂದು ಹೇಳಲು ಆಧಾರವೇ ಇರುವುದಿಲ್ಲ. ಉಪ್ಪಂಗಳದ ಮಹತ್ತ್ವ ಇರುವುದು ಅಲ್ಲಿ.

ಮೈಸೂರು ಸೀಮೆಯ ಎಲೆ ಉದುರಿಸುವ ಕಾಡುಗಳು

ಮೈಸೂರು ನಗರದಿಂದ ನೈಋತ್ಯಕ್ಕೆ ಕಾಕನಕೋಟೆ, ನಾಗರಹೊಳೆ, ದಕ್ಷಿಣಕ್ಕೆ ಬಂಡೀಪುರ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ದಿಂಡಿಗ ಇಲ್ಲಿನ ಮುಖ್ಯ ನಾಟಾ ಮರಗಳು. ಇವುಗಳ ಕಾಡು ಆಯ್ದ ಕಡಿತವನ್ನಷ್ಟೇ ಕಂಡುದಲ್ಲ. ಹಲವೆಡೆ ನೈಸರ್ಗಿಕ ಕಾಡನ್ನು ಪೂರ್ತಿಯಾಗಿ ಕಡಿದು ತೇಗದ ತೋಪು ಬೆಳೆಸಲಾಯಿತು. ನಾಗರಹೊಳೆಯ ಒಳಗೆ ಸಾಗುವ ಪ್ರವಾಸಿಗೆ ಸಾಲುಹಿಡಿದು ನಿಂತ ತೇಗ ಇಂದಿಗೂ ಕಾಣುತ್ತದೆ. ಅಂತಹ ತೋಪಿನಲ್ಲಿ ಗಾತ್ರಗಳ ರೇಖೆ ಇಳಿಜಾರಾಗಿರದೆ ಗುಡ್ಡದಂತಿರುತ್ತದೆ, ಏಕೆಂದರೆ ಎಲ್ಲವೂ ಒಂದೇ ವಯಸ್ಸಿನವು. ತೇಗದ ಸಸಿಗೆ ಬಿಸಿಲು ಬೇಕು, ತನ್ನದೇ ತಾಯಿಯ ನೆರಳೂ ಆಗದು. ಹೀಗಾಗಿ ಬಿಟ್ಟರೆ ತೋಪು ತನ್ನನ್ನು ತಾನು ಮುಂದುವರಿಸಿಕೊಳ್ಳುವುದೂ ಕಷ್ಟ.

ಬಂಡೀಪುರದಲ್ಲಿ 1931ರಲ್ಲಿ ಒಂದು ಚಿಕ್ಕ ಅಭಯಾರಣ್ಯ, 1941ರಲ್ಲಿ ಅದನ್ನು ವಿಸ್ತರಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ರಚನೆಯಾಯಿತು. ಆದರೂ ನಾಟಾ ಕೆಲಸ ಕೂಡಲೇ ನಿಲ್ಲಲಿಲ್ಲ. 1973ರಲ್ಲಿ ಹುಲಿ ಯೋಜನೆ ಬಂದ ಮೇಲೆ ಅದು ಹಿಂದೆ ಸರಿಯಿತು.

ಕಡಿತ ನಿಂತ ಮೇಲೆ ಇಂತಹ ಕಾಡಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಅತ್ಯುತ್ತಮ ದಾಖಲೆ ಬಂಡೀಪುರಕ್ಕೆ ಅಂಟಿಕೊಂಡ ತಮಿಳುನಾಡಿನ ಮುದುಮಲೆಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ಅಲ್ಲಿ 50 ಹೆಕ್ಟೇರು ಕ್ಷೇತ್ರವನ್ನು ಗುರುತಿಸಿ, 1 ಸೆಂ.ಮೀ. ವ್ಯಾಸಕ್ಕಿಂತ ದಪ್ಪನಾದ ಸುಮಾರು 25,000 ಕಾಂಡಗಳನ್ನು ಲೆಕ್ಕಹಾಕಿದರು. ಈ ಕಾಡೂ ಹಿಂದೆ ಆಯ್ದ ಕಡಿತಕ್ಕೆ ಒಳಗಾದುದೇ. ಮುಂದಿನ ವರ್ಷಗಳಲ್ಲಿ ಸಣ್ಣ ಮರಗಳ ಸಂಖ್ಯೆ ತೀವ್ರವಾಗಿ ಕುಸಿಯಿತು, ಬಳಿಕ ಮತ್ತೆ ಏರತೊಡಗಿತು. ಕುಸಿತಕ್ಕೆ ಕೊಡಲಿ ಕಾರಣವಾಗಿರಲಿಲ್ಲ. ನೆಲದ ಬೆಂಕಿ ಸಣ್ಣ ಕಾಂಡಗಳನ್ನು ಸುಟ್ಟಿತು. ಆನೆಗಳು ಕಿಡಿಯಾ ಕ್ಯಾಲಿಸಿನಾ ಎಂಬ ಒಂದು ಮರವನ್ನು ಹುಡುಕಿ ಹುಡುಕಿ ಮುರಿದು ತಿಂದವು, ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಆ ಜಾತಿ ವಿರಳವಾಯಿತು. ದೊಡ್ಡ ಮರಗಳು ಮಾತ್ರ ಬೆಂಕಿಯನ್ನು ತಾಳಿಕೊಂಡು ಬೆಳೆಯುತ್ತ ಹೋದವು. ಒಣ ಕಾಡಿನ ಮರಸಂಕುಲವನ್ನು ಕುರಿತು ಮಾತಾಡುವಾಗ ಕಡಿತವೊಂದನ್ನೇ ಹಿಡಿದು ಕೂರುವಂತಿಲ್ಲ ಎಂಬುದು ಮುದುಮಲೆಯಿಂದ ತಿಳಿದುಬಂದ ಸಂಗತಿ.

ಛಾವಣಿ ತೆಳ್ಳಗಾದ ಕಾಡಿಗೆ ಮತ್ತೊಂದು ಕಂಟಕ ಲಂಟಾನ. ಅಮೆರಿಕ ಖಂಡದಿಂದ ಅಲಂಕಾರಕ್ಕೆಂದು ತಂದ ಈ ಪೊದೆ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ನೆಲವನ್ನೇ ಮುಚ್ಚಿದೆ. ಅದರ ದಟ್ಟ ನೆರಳಿನಲ್ಲಿ ನಾಡ ಮರಗಳ ಸಸಿ ಏಳುವುದು ದುಸ್ತರ. ಒಣಗಿದಾಗ ಅದೇ ಬೆಂಕಿಯನ್ನು ಮೇಲಿನ ಕೊಂಬೆಗಳಿಗೆ ಒಯ್ಯುತ್ತದೆ. ಅಂದರೆ ಅದು ಸೇರ್ಪಡೆಯನ್ನು ತಗ್ಗಿಸಿ ಸಾವನ್ನು ಹೆಚ್ಚಿಸುತ್ತದೆ. ಈಚೆಗೆ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹೊರನಾಡ ಮರವೂ ಇಲ್ಲಿ ಹಬ್ಬುತ್ತಿದೆ.

ಬಿದಿರಿನ ಪಾಠ

ಬಿದಿರು ಮರವಲ್ಲ, ಹುಲ್ಲಿನ ಜಾತಿ. ಆದರೂ ಸಂಕುಲ ಚಲನೆಯ ಅರಿವಿಲ್ಲದೆ ನಡೆದ ಕೊಯ್ಲಿನ ಪರಿಣಾಮಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. ದಾಂಡೇಲಿ ಮತ್ತು ಭದ್ರಾವತಿಯ ಕಾಗದದ ಗಿರಣಿಗಳಿಗೆ ಸರ್ಕಾರ ಬಿದಿರನ್ನು ಒದಗಿಸುತ್ತಿತ್ತು. ಬಿದಿರು ಕ್ಷೀಣಿಸುತ್ತಿದೆ ಎಂದು ಬುಟ್ಟಿ ಹೆಣೆದು ಬದುಕುವ ಮೇದರು ದೂರಿದರು. 1970ರ ದಶಕದಲ್ಲಿ ರಾಜ್ಯ ಸರ್ಕಾರದ ಕೋರಿಕೆಯಂತೆ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಇದನ್ನು ಪರಿಶೀಲಿಸಿದರು.

ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗಳ ದಟ್ಟ ಹೊದಿಕೆ ಇರುತ್ತದೆ. ಅದು ಹೊಸ ಬೆಳವಣಿಗೆಗೆ ಅಡ್ಡಿ, ಆದುದರಿಂದ ತೆರವುಗೊಳಿಸಬೇಕು ಎಂಬುದು ಕೊಯ್ಲಿನ ಅಧಿಕೃತ ಪದ್ಧತಿ. ಹಳ್ಳಿಗರು ಹಾಗೆ ಮಾಡುತ್ತಿರಲಿಲ್ಲ, ಮುಳ್ಳಿನ ಮೇಲಿನ ಭಾಗವನ್ನಷ್ಟೇ ಕಡಿಯುತ್ತಿದ್ದರು. ಅಧ್ಯಯನದಲ್ಲಿ ಹಳ್ಳಿಗರ ಮಾತೇ ನಿಜವಾಯಿತು. ಮುಳ್ಳು ತೆಗೆದ ಮೆಳೆಗಳಲ್ಲಿ ಹೊಸ ಕಳಲೆಗಳನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತಿದ್ದವು. ಕಳಲೆ ಉಳಿಯದೆ ಮೆಳೆ ಸೊರಗುತ್ತಿತ್ತು. ಇಲ್ಲಿ ಕೊಯ್ಲಿನ ಪ್ರಮಾಣಕ್ಕಿಂತ ಅದರ ಕ್ರಮವೇ ಸೇರ್ಪಡೆಯನ್ನು ನಿಲ್ಲಿಸಿತ್ತು.

ಹೆಬ್ಬಿದಿರು ಸುಮಾರು ನಾಲ್ಕು ದಶಕಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಸುರಿಸಿ ಸಾಯುತ್ತದೆ. 2010ರ ಆಸುಪಾಸಿನ ವರ್ಷಗಳಲ್ಲಿ ನಾಗರಹೊಳೆ, ಬಂಡೀಪುರಗಳಲ್ಲಿ ಹೀಗಾಯಿತು. ಬೀಜ ಮೊಳೆತು ಮೆಳೆಯಾಗುವ ಆ ವರ್ಷಗಳಲ್ಲಿ ಬೆಂಕಿ, ಮೇವು, ಲಂಟಾನಗಳಿಂದ ಸಸಿಗಳಿಗೆ ಏನಾಗುತ್ತದೆಯೋ ಅದರ ಮೇಲೆ ಮುಂದಿನ ನಲವತ್ತು ವರ್ಷದ ಬಿದಿರು, ಹಾಗೂ ಆನೆಗಳ ಆಹಾರ, ನಿಂತಿದೆ.

ಶ್ರೀಗಂಧ

ಮೈಸೂರು ನಗರದ ಹೆಸರಿನೊಡನೆ ಬೆರೆತ ಮರ ಶ್ರೀಗಂಧ. ಟಿಪ್ಪು ಸುಲ್ತಾನನು 1792ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿದನು. ನಗರದಲ್ಲಿ ಗಂಧದೆಣ್ಣೆ ಕಾರ್ಖಾನೆ 1917ರಲ್ಲಿ ಆರಂಭವಾಯಿತು. ಎಣ್ಣೆ ಬೇರಿನಲ್ಲಿಯೂ ಇರುವುದರಿಂದ ಗಂಧವನ್ನು ಕಡಿಯುವುದಿಲ್ಲ, ಬೇರುಸಹಿತ ಕೀಳುತ್ತಾರೆ. ಹೀಗಾಗಿ ಬುಡದಿಂದ ಚಿಗುರುವ ದಾರಿ ಮುಚ್ಚಿಹೋಗುತ್ತದೆ. ಮಣ್ಣಿನಲ್ಲಿ ಉಳಿದ ಬೇರಿನ ತುಂಡುಗಳಿಂದ ಬರುವ ಚಿಗುರು ಮತ್ತು ಹಕ್ಕಿಗಳು ಹರಡುವ ಬೀಜ, ಇವೆರಡೇ ಆಧಾರ. ಸಸಿಯೂ ಸ್ವತಂತ್ರವಲ್ಲ, ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಆಹಾರ ಪಡೆಯುವ ಅರೆಪರಾವಲಂಬಿ.

ಇದರ ಮೇಲೆ ಕಿರುಎಲೆ ರೋಗ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಸಂಸ್ಥಾನದ ಗಂಧದ ಕಾಡುಗಳಿಗೂ ಹರಡಿತು. ಇಲಾಖೆಯ ಕೊಯ್ಲು ಬಲಿತ ಮರಕ್ಕೆ ಸೀಮಿತವಾಗಿತ್ತು. ಕಳ್ಳಸಾಗಣೆಗೆ ಅಂತಹ ಮಿತಿ ಇರಲಿಲ್ಲ. 1980 ಮತ್ತು 90ರ ದಶಕಗಳಲ್ಲಿ ಅದು ತುಸು ಚೇಗು ಕಟ್ಟಿದ ಎಳೆಯ ಮರಗಳನ್ನೂ ಒಯ್ದುದರಿಂದ ಬೀಜ ಕೊಡುವ ಮರಗಳೇ ಕೊರತೆಯಾದವು. 2001ರ ಕಾನೂನು ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಗಂಧವು ಜಮೀನಿನ ಒಡೆಯನ ಸ್ವತ್ತಾಯಿತು. ಹೊಲಗಳಲ್ಲಿ ಬೆಳೆಸುವುದು ಹೆಚ್ಚಿತು. ಕಾಡಿನ ಗಂಧದ ಸ್ಥಿತಿ ಅದರಿಂದ ಸುಧಾರಿಸಿತೆಂದು ತಿಳಿಯಬಾರದು, ಅವೆರಡೂ ಬೇರೆ ಬೇರೆ ಸಂಕುಲಗಳು.

ಕಡಿತದ ನಿಲುಗಡೆ

ರೈಲ್ವೆ ಸ್ಲೀಪರು, ಪ್ಲೈವುಡ್, ಬೆಂಕಿಪೆಟ್ಟಿಗೆ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ ಕಬ್ಬಿಣ ಕಾರ್ಖಾನೆಗೆ ಬೇಕಾದ ಇದ್ದಿಲು ಇವೆಲ್ಲ ರಾಜ್ಯದ ಕಾಡಿನಿಂದಲೇ ಪೂರೈಕೆಯಾಗುತ್ತಿದ್ದವು. 1983ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಶಿರಸಿ ಬಳಿಯ ಸಾಲ್ಕಣಿಯ ಜನರು ಕಡಿಯಲು ಗುರುತಿಸಿದ್ದ ಮರಗಳನ್ನು ಅಪ್ಪಿಕೊಂಡು ಪ್ರತಿಭಟಿಸಿದರು. ಪಾಂಡುರಂಗ ಹೆಗಡೆಯವರ ಮುಂದಾಳತ್ವದಲ್ಲಿ ಇದು ಅಪ್ಪಿಕೋ ಚಳವಳಿಯಾಗಿ ಬೆಳೆಯಿತು. ಚಳವಳಿಗಾರರ ಮುಖ್ಯ ಆಕ್ಷೇಪಗಳಲ್ಲಿ ಒಂದು, ಆಯ್ದ ಕಡಿತದ ಲೆಕ್ಕದಲ್ಲಿ ಬರುವ ಮರಗಳಿಗಿಂತ ಬೀಳುವಾಗ ನಾಶವಾಗುವ ಮರಗಳು ಹೆಚ್ಚು ಎಂಬುದಾಗಿತ್ತು. ಮೇಲೆ ವಿವರಿಸಿದ ಹಾನಿಯನ್ನು ಕಾಡಂಚಿನ ಜನ ಕಣ್ಣಾರೆ ಕಂಡೇ ಹೇಳಿದ್ದರು.

1988ರ ರಾಷ್ಟ್ರೀಯ ಅರಣ್ಯ ನೀತಿಯು ಆದಾಯಕ್ಕಿಂತ ಪರಿಸರದ ಸಮತೋಲನಕ್ಕೆ ಮೊದಲ ಸ್ಥಾನ ನೀಡಿತು. ಗೋದಾವರ್ಮನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1996ರ ಡಿಸೆಂಬರ್ 12ರಂದು, ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆಯಿಲ್ಲದೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಿತು. 2000ದ ಫೆಬ್ರವರಿಯಲ್ಲಿ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಬಿದ್ದ ಮರಗಳನ್ನು ತೆಗೆಯುವುದನ್ನೂ ನಿರ್ಬಂಧಿಸಿತು.

ಚೇತರಿಕೆ

ಉಷ್ಣವಲಯದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಂತೆ, ಆಯ್ದ ಕಡಿತವಾದ ಕಾಡಿನಲ್ಲಿ ಬಹುಪಾಲು ಜೀವಜಾತಿಗಳು ಉಳಿಯುತ್ತವೆ, ಇಂಗಾಲದ ಸುಮಾರು ಮುಕ್ಕಾಲು ಭಾಗವೂ ಉಳಿಯುತ್ತದೆ. ಆದರೆ ಎರಡನೆಯ ಸುತ್ತಿನಲ್ಲಿ ದೊರೆಯುವ ನಾಟಾ ಮೊದಲ ಸುತ್ತಿನ ಅರ್ಧದಷ್ಟಕ್ಕೆ ಸಮೀಪ. ಹಳೆಯ ಕಾಡು ಶತಮಾನಗಳಲ್ಲಿ ಕೂಡಿಟ್ಟ ಮರವನ್ನು ಮೊದಲ ಸುತ್ತು ತೆಗೆದುಕೊಂಡಿರುತ್ತದೆ, ಎರಡನೆಯದಕ್ಕೆ ಸಿಗುವುದು ಮೂವತ್ತು ನಲವತ್ತು ವರ್ಷದ ಬೆಳವಣಿಗೆ ಮಾತ್ರ. ಮೂವತ್ತು ವರ್ಷದ ಸುತ್ತು, ವರ್ಷಕ್ಕೆ 1 ಸೆಂ.ಮೀ. ಬೆಳವಣಿಗೆ ಎಂದಾದರೆ, 150 ಸೆಂ.ಮೀ. ದಾಟಿದ್ದ ಮರಗಳಷ್ಟೇ 180ರ ಮಿತಿಗೆ ಬಂದಿರುತ್ತವೆ.

ಕರ್ನಾಟಕದ ನೈಸರ್ಗಿಕ ಕಾಡುಗಳಲ್ಲಿ ಆ ಎರಡನೆಯ ಸುತ್ತು ಈಗಿಲ್ಲ. ಕಾಂಡಗಳ ಒಟ್ಟು ವಿಸ್ತೀರ್ಣ ಕೆಲವು ದಶಕಗಳಲ್ಲಿ ಹಳೆಯ ಮಟ್ಟಕ್ಕೆ ಸಮೀಪಿಸಬಲ್ಲುದು, ಜಾತಿಗಳ ಪ್ರಮಾಣಕ್ಕೆ ಅದಕ್ಕಿಂತ ಬಹುದೀರ್ಘ ಕಾಲ ಹಿಡಿಯುತ್ತದೆ. ಉಪಗ್ರಹದ ಚಿತ್ರದಲ್ಲಿ ಮೊದಲನೆಯದರ ಸುಳಿವು ಸಿಗುತ್ತದೆ, ಎರಡನೆಯದು ಕಾಣುವುದಿಲ್ಲ. ಕಡಿದ ಜಾಗದಲ್ಲಿ ಧೂಪ ಬಂದಿದೆಯೋ ಉಪ್ಪಳಿಗೆಯೇ ತುಂಬಿದೆಯೋ ಎಂದು ತಿಳಿಯಲು ಈಗಲೂ ಅಳತೆಪಟ್ಟಿ ಹಿಡಿದು ಮರದಿಂದ ಮರಕ್ಕೆ ನಡೆಯಬೇಕಾಗುತ್ತದೆ.